ವಾರಕ್ಕೆ ನಲವತ್ತು ಡಾಲರ್, ವರ್ಷಕ್ಕೊಂದು ಕಡಲಯಾನ

ಮೊದಲ ವಾರ ಒಂದು ಡಾಲರ್, ಎರಡನೇ ವಾರ ಎರಡು, ಮೂರನೇ ವಾರ ಮೂರು. ಹೀಗೆ ವಾರಕ್ಕೆ ಒಂದೊಂದೇ ಡಾಲರ್ ಏರಿಸುತ್ತ ಹೋದರೆ ಐವತ್ತೆರಡನೇ ವಾರ ಮುಗಿಯುವ ಹೊತ್ತಿಗೆ ಡಬ್ಬಿಯಲ್ಲಿ 1,378 ಡಾಲರ್ ಕೂಡಿರುತ್ತದೆ. ಐವತ್ತೆರಡು ಚೌಕಗಳ ಹಾಳೆಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ವಾರ ವಾರ ಒಂದೊಂದು ಚೌಕಕ್ಕೆ ಗೀಟು ಹಾಕುವ ಈ ಪದ್ಧತಿ ಅಮೆರಿಕದ ಸಾಧಾರಣ ಮನೆಗಳಲ್ಲಿ ಚೆನ್ನಾಗಿ ಬೇರೂರಿದೆ. ಪಳಗಿದವರು ಅದನ್ನು ತಲೆಕೆಳಗು ಮಾಡುತ್ತಾರೆ. ಜನವರಿಯಲ್ಲಿ 52ರಿಂದ ಹಿಡಿದು ಡಿಸೆಂಬರಿಗೆ ಒಂದಕ್ಕೆ ಇಳಿಯುತ್ತಾರೆ. ನೇರ ಕ್ರಮದಲ್ಲಿ ಹೋದರೆ ಕೊನೆಯ ನಾಲ್ಕು ವಾರಕ್ಕೇ 202 ಡಾಲರ್ ಬೇಕು. ಅದು ಕ್ರಿಸ್‌ಮಸ್ಸಿನ ತಿಂಗಳು. ಉಡುಗೊರೆ, ಊಟ, ಊರಿಗೆ ಹೋಗಿಬರುವ ಖರ್ಚು ಎಲ್ಲ ಒಟ್ಟಿಗೇ ಬಂದು ಎರಗುವ ಕಾಲ. ಎಷ್ಟೋ ಡಬ್ಬಿಗಳು ಬರಿದಾಗುವುದು ಆಗಲೇ.

ಆ ಹಾಳೆಯ ನೆತ್ತಿಯ ಮೇಲೆ ಬಹಳ ಸಲ ಒಂದು ಹಡಗಿನ ಚಿತ್ರ ಇರುತ್ತದೆ.

ಕ್ರೂಸ್ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಷಾಂಪೇನ್ ಲೋಟ, ಕೋಟು ತೊಟ್ಟ ಶ್ರೀಮಂತರು. ಅಮೆರಿಕದ ಬಂದರುಗಳಲ್ಲಿ ಸಾಲು ನಿಲ್ಲುವವರು ಬೇರೆಯೇ ಜನ. ಶಾಲಾ ಬಸ್ಸಿನ ಚಾಲಕರು, ನರ್ಸುಗಳು, ಅಂಚೆ ನೌಕರರು, ಪಿಂಚಣಿಯಲ್ಲಿ ಬದುಕುವ ಶಿಕ್ಷಕಿಯರು. 2024ರಲ್ಲಿ ಜಗತ್ತಿನಾದ್ಯಂತ ಸುಮಾರು 3.46 ಕೋಟಿ ಮಂದಿ ಇಂಥ ಹಡಗೇರಿದರು ಎಂದು ಉದ್ಯಮದ ಒಕ್ಕೂಟದ ಲೆಕ್ಕ ಹೇಳುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉತ್ತರ ಅಮೆರಿಕದವರು. ಒಮ್ಮೆ ಹೋಗಿ ಬಂದು ಗೋಡೆಗೆ ಫೋಟೊ ತೂಗುಹಾಕಿ ಸುಮ್ಮನಾಗುವವರು ಇವರಲ್ಲ. ವರ್ಷಕ್ಕೊಂದು ಸಲ, ಕೆಲವರು ಎರಡು ಸಲ ಹೋಗುತ್ತಾರೆ. ದೊಡ್ಡ ಸಂಬಳವಿಲ್ಲದೆ ಇದನ್ನು ಹೇಗೆ ಸಾಧಿಸುತ್ತಾರೆ ಎಂಬುದು ನಿಜಕ್ಕೂ ಕೂತು ಕಲಿಯಬೇಕಾದ ಸಂಗತಿ.

ಅಮೆರಿಕದಲ್ಲಿ ಸಂಬಳ ಸಹಿತ ರಜೆಯನ್ನು ಕಡ್ಡಾಯ ಮಾಡುವ ರಾಷ್ಟ್ರೀಯ ಕಾನೂನೇ ಇಲ್ಲ. ಕೊಟ್ಟರೆ ಕಂಪನಿ ಕೊಡಬೇಕು. ವರ್ಷಕ್ಕೆ ಸಿಗುವ ಹತ್ತು ಹದಿನೈದು ದಿನವನ್ನು ಕಾಯಿಲೆಗೆ, ಮಕ್ಕಳ ಶಾಲೆಗೆ, ಹೆತ್ತವರಿಗೆ ಹಂಚಿ ಉಳಿಯುವುದು ಒಂದು ವಾರ. ಏಳು ರಾತ್ರಿಯ ಕ್ರೂಸ್ ಆ ಒಂದು ವಾರಕ್ಕೇ ಅಳತೆ ತೆಗೆದು ಹೊಲಿದಂತಿದೆ. ಭಾನುವಾರ ಮಧ್ಯಾಹ್ನ ಹಡಗು ಹೊರಡುತ್ತದೆ, ಮುಂದಿನ ಭಾನುವಾರ ಬೆಳಿಗ್ಗೆ ಅದೇ ಕಟ್ಟೆಗೆ ಬಂದು ನಿಲ್ಲುತ್ತದೆ. ಖರ್ಚಾಗುವುದು ಐದೇ ದಿನದ ರಜೆ. ಕೋಣೆ, ಮೂರು ಹೊತ್ತಿನ ಊಟ, ಸಂಜೆಯ ನಾಟಕ ಸಂಗೀತ, ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸುವ ಸಾರಿಗೆ ಎಲ್ಲಕ್ಕೂ ಒಂದೇ ದರ. ಮುಂಚಿತವಾಗಿ ಗೊತ್ತಿರುವ ದರ. ಕೂಡಿಡುವವರಿಗೆ ಬೇಕಾದದ್ದು ಇದೇ. ಎಷ್ಟಾಗುತ್ತದೋ ಎಂಬ ಅಂದಾಜಿನ ಮೇಲೆ ಹಣ ಕೂಡಿಡುವುದು ಕಷ್ಟ. ಇಂತಿಷ್ಟು, ಇಂಥ ದಿನಕ್ಕೆ ಎಂದಾದರೆ ಕೈ ತಾನಾಗಿ ಬಿಗಿಯಾಗುತ್ತದೆ.

ಈ ವ್ಯಾಪಾರ ಹುಟ್ಟಿದ್ದು ಒಂದು ಸೋಲಿನಿಂದ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನದ ಪ್ರಯಾಣ ಆರಂಭವಾದ ಮೇಲೆ, ಜನರನ್ನು ಯುರೋಪಿನಿಂದ ಅಮೆರಿಕಕ್ಕೆ ದಾಟಿಸುತ್ತಿದ್ದ ದೊಡ್ಡ ಹಡಗುಗಳಿಗೆ ಕೆಲಸ ತಪ್ಪಿತು. 1966ರಲ್ಲಿ ಉದ್ಯಮಿ ಟೆಡ್ ಅರಿಸನ್ ಮತ್ತು ನಾರ್ವೆಯ ಹಡಗು ಮಾಲೀಕ ಕ್ನುಟ್ ಕ್ಲಾಸ್ಟರ್ ಸೇರಿ ‘ಸನ್‌ವರ್ಡ್’ ಎಂಬ ಹಡಗನ್ನು ಮಯಾಮಿಯಿಂದ ಬಹಾಮಾಸ್‌ಗೆ ವಿಹಾರಕ್ಕೆಂದೇ ಓಡಿಸಿದರು. ಇಬ್ಬರೂ ಬೇರೆಯಾದ ಮೇಲೆ ಅರಿಸನ್ ‘ಎಂಪ್ರೆಸ್ ಆಫ್ ಕೆನಡಾ’ ಎಂಬ ಹಳೆಯ ಹಡಗನ್ನು ಕೊಂಡು, ‘ಮಾರ್ಡಿ ಗ್ರಾ’ ಎಂದು ಹೆಸರಿಟ್ಟು, 1972ರ ಮಾರ್ಚ್‌ನಲ್ಲಿ ತನ್ನ ಹೊಸ ಕಾರ್ನಿವಲ್ ಕಂಪನಿಯ ಮೊದಲ ಯಾನಕ್ಕೆ ಬಿಟ್ಟ. ಅದು ಮಯಾಮಿಯ ಹೊರಗೇ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಆದರೂ ಕಂಪನಿ ಬದುಕಿತು, ಏಕೆಂದರೆ ಅದು ಹಿಡಿದ ದಾರಿ ಬೇರೆ: ಶ್ರೀಮಂತರ ಶಿಷ್ಟಾಚಾರವನ್ನು ಕೈಬಿಟ್ಟು ಸಾಮಾನ್ಯ ಸಂಬಳದವರನ್ನು ಕರೆಯಿತು. 1977ರಿಂದ ಟೀವಿಯಲ್ಲಿ ಬಂದ ‘ದ ಲವ್ ಬೋಟ್’ ಧಾರಾವಾಹಿ ಉಳಿದ ಕೆಲಸ ಮಾಡಿತು. ವಾರ ವಾರವೂ ಹೊಸ ಜನ ಹಡಗೇರಿ ನಗುನಗುತ್ತ ಇಳಿಯುವುದನ್ನು ಇಡೀ ದೇಶ ನಡುಮನೆಯಲ್ಲಿ ಕುಳಿತು ನೋಡಿತು.

ಇನ್ನು ಉಳಿತಾಯದ ಮಾತು. ಇಲ್ಲಿ ಎಲ್ಲಕ್ಕಿಂತ ದೊಡ್ಡ ಗುಟ್ಟು ಅಡುಗೆಮನೆಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಪ್ರತಿ ವರ್ಷ ಹೋಗುವವರು ಹಣ ಕೂಡಿದ ಮೇಲೆ ಟಿಕೆಟ್ ತೆಗೆಯುವುದಿಲ್ಲ. ಮೊದಲು ದಿನಾಂಕ ಗೊತ್ತು ಮಾಡಿ, ಸಣ್ಣ ಮುಂಗಡ ಕೊಟ್ಟು, ಆಮೇಲೆ ಕೂಡಿಡಲು ಶುರು ಮಾಡುತ್ತಾರೆ. ಪೂರ್ತಿ ಹಣವನ್ನು ಹಡಗು ಹೊರಡುವುದಕ್ಕೆ ಸಾಮಾನ್ಯವಾಗಿ ಎರಡೂವರೆ ಮೂರು ತಿಂಗಳ ಮೊದಲು ಕಟ್ಟಿದರೆ ಸಾಕು. ಅಷ್ಟರೊಳಗೆ ಕಂತಿನಂತೆ ಆದಾಗ ಆದಷ್ಟು ತುಂಬುತ್ತ ಬರಬಹುದು, ಬಡ್ಡಿಯಿಲ್ಲ. ಈ ನಡುವೆ ದರ ಇಳಿದರೆ ಕೇಳಿ ಕಡಿಮೆ ಮಾಡಿಸಿಕೊಳ್ಳಲು ಹಲವು ಟಿಕೆಟ್‌ಗಳಲ್ಲಿ ಅವಕಾಶ ಇರುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ದರ ನೋಡುವುದನ್ನು ಕೆಲವರು ವ್ರತದಂತೆ ಪಾಲಿಸುತ್ತಾರೆ.

ಮೊದಲು ಕಟ್ಟಿ ಆಮೇಲೆ ಅನುಭವಿಸುವುದರಲ್ಲಿ ಬೇರೊಂದು ಸುಖವೂ ಇದೆ. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಎಂಬ ಇಬ್ಬರು ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು. ಕೆರಿಬಿಯನ್‌ನಲ್ಲಿ ಒಂದು ವಾರದ ರಜೆಗೆ 1,200 ಡಾಲರ್. ತಿಂಗಳಿಗೆ 200ರಂತೆ ಆರು ಕಂತನ್ನು ಹೋಗುವ ಮೊದಲು ಕಟ್ಟುತ್ತೀರಾ, ಬಂದ ಮೇಲೆ ಕಟ್ಟುತ್ತೀರಾ? ಹೆಚ್ಚಿನವರು ಮೊದಲೇ ಕಟ್ಟುತ್ತೇವೆ ಎಂದರು. ಅದೇ ಬೆಲೆಯ ಬಟ್ಟೆ ಒಗೆಯುವ ಯಂತ್ರದ ಪ್ರಶ್ನೆ ಬಂದಾಗ ಉತ್ತರ ಬದಲಾಯಿತು: ಯಂತ್ರ ಮನೆಗೆ ಬರಲಿ, ಆಮೇಲೆ ಕಟ್ಟುತ್ತೇವೆ. ವಸ್ತು ಕಣ್ಣೆದುರು ಇದ್ದು ದುಡಿಯುತ್ತಿದ್ದರೆ ಕಂತು ಕಟ್ಟಲು ಬೇಸರವಿಲ್ಲ. ಮುಗಿದುಹೋದ ರಜೆಯ ಸಾಲ ತೀರಿಸುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. 2010ರಲ್ಲಿ ಪ್ರಕಟವಾದ, 1,530 ಡಚ್ಚರ ಮೇಲಿನ ಇನ್ನೊಂದು ಅಧ್ಯಯನದಲ್ಲಿ, ಪ್ರವಾಸಕ್ಕೆ ಹೋಗುವವರು ಹೋಗುವ ಮೊದಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಬಂದ ಮೇಲೆ ಬಹುತೇಕರಲ್ಲಿ ಅಂಥ ವ್ಯತ್ಯಾಸವೇನೂ ಉಳಿದಿರಲಿಲ್ಲ. ಅಂದರೆ ಹನ್ನೊಂದು ತಿಂಗಳು ಕಾಯುವುದು ಬರಿಯ ಕಾಯುವಿಕೆಯಲ್ಲ, ಪ್ರವಾಸದ ಒಂದು ಭಾಗವೇ.

ಸಾಲ ಮಾಡಿ ಹೋದವರ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿನ ಬಡ್ಡಿ ಈಚಿನ ವರ್ಷಗಳಲ್ಲಿ ಶೇಕಡ 20 ದಾಟಿದೆ. 3,000 ಡಾಲರ್ ಕಾರ್ಡಿನ ಮೇಲೆ ಹಾಕಿ, ಶೇಕಡ 22ರ ಬಡ್ಡಿಯಲ್ಲಿ ತಿಂಗಳಿಗೆ 100ರಂತೆ ತೀರಿಸುತ್ತ ಹೋದರೆ 44 ತಿಂಗಳು ಬೇಕು. ಬಡ್ಡಿಯೇ ಸುಮಾರು 1,400 ಡಾಲರ್ ಆಗುತ್ತದೆ. ಇಬ್ಬರು ಇನ್ನೊಮ್ಮೆ ಹೋಗಿಬರಬಹುದಾಗಿದ್ದ ಟಿಕೆಟ್ಟಿನ ಹಣ ಬ್ಯಾಂಕಿನ ಪಾಲಾಗುತ್ತದೆ.

ಉದ್ದೇಶಕ್ಕೆಂದೇ ಬೇರೆ ಖಾತೆ ತೆರೆಯುವ ಪದ್ಧತಿಗೆ ಅಲ್ಲಿ ನೂರು ವರ್ಷ ದಾಟಿದ ಇತಿಹಾಸವಿದೆ. 1909ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲ್ ಊರಿನ ಒಂದು ಬ್ಯಾಂಕಿನಲ್ಲಿ ಮರ್ಕೆಲ್ ಲ್ಯಾಂಡಿಸ್ ಎಂಬಾತ ‘ಕ್ರಿಸ್‌ಮಸ್ ಕ್ಲಬ್’ ಆರಂಭಿಸಿದ. ವಾರ ವಾರ ಸಣ್ಣ ಮೊತ್ತ ಕಟ್ಟಿದರೆ ಡಿಸೆಂಬರ್ ಹೊತ್ತಿಗೆ ಇಡಿಗಂಟು ಕೈಗೆ ಬರುತ್ತಿತ್ತು, ನಡುವೆ ತೆಗೆಯುವಂತಿರಲಿಲ್ಲ. ನಮ್ಮ ಊರುಗಳ ಚೀಟಿಯಂತೆ, ಇಲ್ಲೂ ಜನರನ್ನು ಹಿಡಿದಿಟ್ಟದ್ದು ಬಡ್ಡಿಯ ಆಸೆಯಲ್ಲ, ತಪ್ಪಿಸುವಂತಿಲ್ಲ ಎಂಬ ಕಟ್ಟು. ಇವತ್ತಿಗೂ ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳಲ್ಲಿ, ಅಂದರೆ ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕುಗಳಲ್ಲಿ, ‘ವೆಕೇಶನ್ ಕ್ಲಬ್’ ಹೆಸರಿನ ಖಾತೆಗಳಿವೆ. ಸಂಬಳ ಬಂದ ದಿನವೇ ನಿಗದಿತ ಮೊತ್ತ ತಾನಾಗಿ ಅತ್ತ ಹರಿಯುತ್ತದೆ.

ಸಂಬಳದ ವಿಷಯದಲ್ಲಿ ಇನ್ನೊಂದು ಸಣ್ಣ ಅನುಕೂಲವನ್ನು ಜಾಣರು ಬಿಡುವುದಿಲ್ಲ. ಅಲ್ಲಿ ಬಹಳ ಜನಕ್ಕೆ ಎರಡು ವಾರಕ್ಕೊಮ್ಮೆ ಸಂಬಳ. ವರ್ಷಕ್ಕೆ 26 ಸಂಬಳ ಬಂತು. ಬಾಡಿಗೆ, ಕಂತು, ಕರೆಂಟು ಎಲ್ಲವನ್ನೂ ತಿಂಗಳಿಗೆ ಎರಡು ಸಂಬಳದ ಲೆಕ್ಕದಲ್ಲಿ ಹೊಂದಿಸಿಕೊಂಡರೆ, ವರ್ಷದಲ್ಲಿ ಎರಡು ತಿಂಗಳು ಮೂರನೆಯ ಸಂಬಳ ಬಂದು ಬೀಳುತ್ತದೆ. ಅದರ ಒಂದು ಪಾಲು ನೇರವಾಗಿ ಹಡಗಿನ ಖಾತೆಗೆ.

ಸಣ್ಣಪುಟ್ಟ ದಾರಿಗಳು ಬೇಕಾದಷ್ಟಿವೆ. ಚಿಲ್ಲರೆ ಕೊಟ್ಟಾಗ ಕೈಗೆ ಬಂದ ಪ್ರತಿ ಐದು ಡಾಲರ್ ನೋಟನ್ನೂ ಖರ್ಚು ಮಾಡದೆ ಎತ್ತಿಡುವವರಿದ್ದಾರೆ. ಜಾಡಿಯಲ್ಲಿ ನಾಣ್ಯ ತುಂಬಿಸಿ ವರ್ಷಕ್ಕೊಮ್ಮೆ ಅಂಗಡಿಯ ಎಣಿಕೆ ಯಂತ್ರಕ್ಕೆ ಸುರಿಯುವವರಿದ್ದಾರೆ. ನಗದು ಬೇಕೆಂದರೆ ಆ ಯಂತ್ರ ಶೇಕಡ 12ರ ಆಸುಪಾಸು ಕಮಿಷನ್ ಕತ್ತರಿಸುತ್ತದೆ, ಗಿಫ್ಟ್ ಕಾರ್ಡ್ ಸಾಕೆಂದರೆ ಕತ್ತರಿಸುವುದಿಲ್ಲ ಎಂಬುದು ಬಲ್ಲವರಿಗೆ ಗೊತ್ತು.

ಇವೆಲ್ಲಕ್ಕಿಂತ ಚೆಂದದ ಲೆಕ್ಕ ನಡೆಯುವುದು ದಿನಸಿ ಅಂಗಡಿಯಲ್ಲಿ. ಕ್ರೋಗರ್‌ನಂಥ ದೊಡ್ಡ ಅಂಗಡಿಗಳು ಖರೀದಿಗೆ ತಕ್ಕಂತೆ ಪೆಟ್ರೋಲ್ ಪಾಯಿಂಟ್ ಕೊಡುತ್ತವೆ. ನೂರು ಪಾಯಿಂಟಿಗೆ ಗ್ಯಾಲನ್ನಿಗೆ ಹತ್ತು ಸೆಂಟ್ ಕಡಿಮೆ, ಸಾವಿರಕ್ಕೆ ಒಂದು ಡಾಲರ್ ಕಡಿಮೆ, ಒಮ್ಮೆಗೆ 35 ಗ್ಯಾಲನ್‌ವರೆಗೆ. ಅಂಗಡಿಯ ಗೋಡೆಯ ಮೇಲೆ ನೇತಾಡುವ ಗಿಫ್ಟ್ ಕಾರ್ಡ್‌ಗಳ ಮೇಲೆ ಆಗಾಗ ನಾಲ್ಕು ಪಟ್ಟು ಪಾಯಿಂಟಿನ ವಾರ ಬರುತ್ತದೆ. ಆ ವಾರ 250 ಡಾಲರಿನ ಕಾರ್ಡ್ ಕೊಂಡರೆ ಸಾವಿರ ಪಾಯಿಂಟ್ ಆಯಿತು. ಕಾರ್ಡಿನ ಹಣ ಎಲ್ಲೂ ಹೋಗಲಿಲ್ಲ, ಬೇಕಾದ ಕಡೆ ಖರ್ಚಾಗುತ್ತದೆ. ಅದರ ಮೇಲೆ ಸಿಗುವ ಪೆಟ್ರೋಲಿನ ರಿಯಾಯಿತಿ ಲಾಭ. ಹಿರಿಯರ ಸಂಘ ಎಎಆರ್‌ಪಿಯ ಸದಸ್ಯರಿಗೆ ಕಾರ್ನಿವಲ್ ಕಂಪನಿಯ 500 ಡಾಲರಿನ ಗಿಫ್ಟ್ ಕಾರ್ಡ್ 450ಕ್ಕೆ ಸಿಕ್ಕಿದ್ದುಂಟು. ಇಂಥ ಕಾರ್ಡನ್ನು ಟಿಕೆಟ್ಟಿಗೂ ಬಳಸಬಹುದು, ಹಡಗಿನ ಒಳಗಿನ ಖರ್ಚಿಗೂ ಬಳಸಬಹುದು. ಹಾಗಾಗಿ ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಮಕ್ಕಳು ಕೇಳಿದಾಗ ಅಜ್ಜ ಅಜ್ಜಿಯರು ಅದನ್ನೇ ಹೇಳುವುದುಂಟು.

ಆದರೂ ಒಂದು ಮಾತು ನೇರವಾಗಿ ಹೇಳಬೇಕು. ದಿನಕ್ಕೊಂದು ಕಾಫಿ ಬಿಟ್ಟರೆ ಜಗತ್ತು ಸುತ್ತಬಹುದು ಎಂಬ ಉಪದೇಶ ಅರ್ಧ ಸತ್ಯ. ಐದು ಡಾಲರಿನ ಕಾಫಿಯನ್ನು ವಾರಕ್ಕೆ ಐದು ದಿನ, ವರ್ಷಕ್ಕೆ ಐವತ್ತು ವಾರ ಬಿಟ್ಟರೆ 1,250 ಡಾಲರ್ ಉಳಿಯುತ್ತದೆ, ನಿಜ. ಆದರೆ ಮನೆಯ ದೊಡ್ಡ ಸೋರಿಕೆ ಬೇರೆ ಕಡೆ ಇದೆ. ಹೊಸ ಕಾರೊಂದನ್ನು ಕೊಂಡು ಓಡಿಸಲು ಸಾಲದ ಬಡ್ಡಿ, ವಿಮೆ, ಇಂಧನ, ಸವಕಳಿ ಸೇರಿ ವರ್ಷಕ್ಕೆ 12,000 ಡಾಲರಿಗೂ ಹೆಚ್ಚು ಬೀಳುತ್ತದೆ ಎಂದು ಅಮೆರಿಕದ ವಾಹನ ಸಂಘ ಎಎಎ 2024ರಲ್ಲಿ ಲೆಕ್ಕ ಹಾಕಿತ್ತು. ಸಾಲ ತೀರಿದ ಹಳೆಯ ಕಾರನ್ನೇ ಇನ್ನು ಮೂರು ವರ್ಷ ಓಡಿಸಲು ಮನಸ್ಸು ಮಾಡಿದ ಕುಟುಂಬಕ್ಕೆ ಕಾಫಿಯ ಚಿಂತೆ ಬೇಡ. ನೋಡದ ಕೇಬಲ್ ಚಾನೆಲ್ಲುಗಳು, ವರ್ಷಗಟ್ಟಲೆ ಬದಲಿಸದ ವಿಮೆ, ದುಬಾರಿ ಫೋನ್ ಪ್ಲಾನು ಇವನ್ನು ವರ್ಷಕ್ಕೊಮ್ಮೆ ಕೂತು ಸರಿಮಾಡಿದರೆ ಆ ಉಳಿತಾಯ ಪ್ರತಿ ತಿಂಗಳೂ ತಾನಾಗಿ ಬರುತ್ತಿರುತ್ತದೆ. ದಿನದಿನವೂ ಮನಸ್ಸನ್ನು ಬಿಗಿಹಿಡಿಯುವ ಕಷ್ಟ ಇಲ್ಲ.

ಎಷ್ಟು ಕೂಡಿಸಬೇಕು? ಟೆಕ್ಸಸ್‌ನ ಗಂಡ ಹೆಂಡತಿ ಇಬ್ಬರನ್ನು ಊಹಿಸಿಕೊಳ್ಳೋಣ. ಹೂಸ್ಟನ್‌ನಿಂದ ಗ್ಯಾಲ್ವೆಸ್ಟನ್ ಬಂದರಿಗೆ ಎಂಬತ್ತು ಕಿಲೋಮೀಟರ್. ವಿಮಾನದ ಖರ್ಚಿಲ್ಲ, ಸ್ವಂತ ಕಾರಿನಲ್ಲಿ ಹೋಗಿ ನಿಲ್ಲಿಸಿದರಾಯಿತು. ಕಿಟಕಿಯಿಲ್ಲದ ಒಳಕೋಣೆಗೆ ತೆರಿಗೆ ಸೇರಿ ತಲೆಗೆ 700 ಡಾಲರಿನ ಟಿಕೆಟ್ ಸಿಕ್ಕಿತು ಎಂದುಕೊಂಡರೆ ಇಬ್ಬರಿಗೆ 1,400. ದಿನಕ್ಕೆ ತಲೆಗೆ 16ರಂತೆ ಏಳು ದಿನದ ಟಿಪ್ಸ್ 224. ಕಾರು ನಿಲ್ಲಿಸಲು 120, ದಡದಲ್ಲಿ ಇಳಿದಾಗಿನ ಖರ್ಚಿಗೆ 250. ಒಟ್ಟು 1,994. ಐವತ್ತೆರಡು ವಾರಕ್ಕೆ ಹಂಚಿದರೆ ವಾರಕ್ಕೆ ನಲವತ್ತು ಡಾಲರಿಗಿಂತ ಕಡಿಮೆ. ವಾರಕ್ಕೊಮ್ಮೆ ಹೊರಗೆ ಉಣ್ಣುವುದನ್ನು ಬಿಟ್ಟು ಮನೆಯಲ್ಲಿ ಬೇಯಿಸಿದರೆ ಇಬ್ಬರಿಗೆ ಹೆಚ್ಚೂ ಕಡಿಮೆ ಅಷ್ಟು ಉಳಿಯುತ್ತದೆ.

ಟಿಕೆಟ್ ಅಗ್ಗವಾಗುವುದಕ್ಕೆ ಕಾಲ ನೋಡಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್‌ನ ಚಂಡಮಾರುತದ ಋತು. ಶಾಲೆ ತೆರೆದು ಮಕ್ಕಳಿರುವ ಕುಟುಂಬಗಳು ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದರ ಬೀಳುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಕ್ರಿಸ್‌ಮಸ್ ಬರುವ ಮುಂಚಿನ ವಾರಗಳೂ ಹಾಗೆಯೇ. ಚಂಡಮಾರುತ ಎದ್ದರೆ ಹಡಗು ದಾರಿ ಬದಲಿಸುತ್ತದೆ, ಮೆಕ್ಸಿಕೊ ಎಂದು ಹೊರಟವರು ಇನ್ನೆಲ್ಲೋ ಇಳಿಯಬಹುದು. ಅದಕ್ಕೆ ಮನಸ್ಸು ಒಪ್ಪಿರಬೇಕು. ಇನ್ನೊಂದು ಬಗೆ ವಸಂತ ಮತ್ತು ಶರತ್ಕಾಲದ್ದು. ಬೇಸಗೆಗೆ ಕೆರಿಬಿಯನ್ ಬಿಟ್ಟು ಮೆಡಿಟರೇನಿಯನ್ ಕಡೆ ಹೊರಟ ಹಡಗು ಖಾಲಿ ಹೋಗಲಾಗದು. ಎರಡು ವಾರದ ಈ ದಾಟುಯಾನದಲ್ಲಿ ಬಂದರು ಕಡಿಮೆ, ಸಮುದ್ರ ಹೆಚ್ಚು, ರಾತ್ರಿಯ ಲೆಕ್ಕದಲ್ಲಿ ದರ ಬಹಳ ಕಡಿಮೆ. ಯುರೋಪಿನಿಂದ ಅಮೆರಿಕದ ಕಡೆ ಬರುವಾಗ ಕೆಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಹಾಗಾಗಿ ಇಪ್ಪತ್ತೈದು ಗಂಟೆಯ ದಿನಗಳು ಸಿಗುತ್ತವೆ. ಪುಸ್ತಕ ಹಿಡಿದು ಕೂರುವ ನಿವೃತ್ತರಿಗೆ ಇದಕ್ಕಿಂತ ಸುಖ ಇಲ್ಲ. ಒಂಟಿಯಾಗಿ ಹೋಗುವವರಿಗೆ ಮಾತ್ರ ಈ ಲೋಕ ಸ್ವಲ್ಪ ನಿಷ್ಠುರ. ದರವೆಲ್ಲ ಕೋಣೆಗೆ ಇಬ್ಬರು ಎಂಬ ಲೆಕ್ಕದ್ದು. ಒಬ್ಬರೇ ಹೋದರೆ ಹಲವು ಸಲ ಇಬ್ಬರದ್ದೂ ತೆರಬೇಕು. 2010ರಲ್ಲಿ ‘ನಾರ್ವೇಜಿಯನ್ ಎಪಿಕ್’ ಹಡಗು ಒಬ್ಬರಿಗೆಂದೇ 128 ಪುಟ್ಟ ಕೋಣೆಗಳನ್ನು ಮಾಡಿದಾಗ ಗಂಡ ತೀರಿಕೊಂಡ, ಹೆಂಡತಿ ತೀರಿಕೊಂಡ ಎಷ್ಟೋ ಹಿರಿಯರಿಗೆ ಬಾಗಿಲು ತೆರೆದಂತಾಯಿತು.

ಹಡಗೇರಿದ ಮೇಲೆ ಉಳಿತಾಯದ ನಿಜವಾದ ಪರೀಕ್ಷೆ ಶುರುವಾಗುತ್ತದೆ. 2024ರಲ್ಲಿ ಕಾರ್ನಿವಲ್ ಕಾರ್ಪೊರೇಷನ್ ಗಳಿಸಿದ ಸುಮಾರು 2,500 ಕೋಟಿ ಡಾಲರ್ ಆದಾಯದಲ್ಲಿ ಮೂರನೇ ಒಂದು ಭಾಗ ಟಿಕೆಟ್ಟಿನದಲ್ಲ, ಹಡಗಿನೊಳಗಿನ ಮಾರಾಟ ಮತ್ತು ಇತರ ಬಾಬ್ತಿನದು: ಮದ್ಯ, ಜೂಜು, ಸ್ಪಾ, ಫೋಟೊ, ವೈಫೈ, ದಡದ ಪ್ರವಾಸ. ಅಲ್ಲಿ ನೋಟು ಚಲಾವಣೆ ಇಲ್ಲ. ಕೋಣೆಯ ಬೀಗ ತೆರೆಯುವ ಕಾರ್ಡೇ ಜೇಬಿನ ಹಣ. ಅದು ಮನೆಯ ಕ್ರೆಡಿಟ್ ಕಾರ್ಡಿಗೆ ಜೋಡಿಸಿರುತ್ತದೆ. ಕಾರ್ಡ್ ತೋರಿಸಿದಾಗ ಹಣ ಹೋದಂತೆ ಅನಿಸುವುದೇ ಇಲ್ಲ. ಹನ್ನೊಂದು ತಿಂಗಳು ಐದು ಡಾಲರ್ ನೋಟು ಎತ್ತಿಟ್ಟ ಕೈ ಇಲ್ಲಿ ಒಂದೇ ಸಂಜೆಯಲ್ಲಿ ಹತ್ತು ವಾರದ ಉಳಿತಾಯವನ್ನು ಚೆಲ್ಲಬಹುದು.

ಹಾಗಾಗದಂತೆ ನೋಡಿಕೊಳ್ಳುವವರೇ ಮುಂದಿನ ವರ್ಷವೂ ಬರುವವರು. ಅವರು ಕ್ರೆಡಿಟ್ ಕಾರ್ಡ್ ಜೋಡಿಸುವ ಬದಲು ಕೂಡಿಟ್ಟ ನಗದನ್ನೋ ಗಿಫ್ಟ್ ಕಾರ್ಡನ್ನೋ ಖಾತೆಗೆ ತುಂಬುತ್ತಾರೆ. ಕಣ್ಣಿಗೆ ಕಾಣುವ ಮೊತ್ತ ಮುಗಿದರೆ ಖರ್ಚು ಮುಗಿಯಿತು. ದಿನಕ್ಕಿಷ್ಟು ಎಂದು ಹಣ ಪಡೆದು ಎಷ್ಟು ಬೇಕಾದರೂ ಕುಡಿಸುವ ಪಾನೀಯದ ಪ್ಯಾಕೇಜನ್ನು ಯೋಚಿಸದೆ ಕೊಳ್ಳುವುದಿಲ್ಲ. ಒಂದೇ ಕೋಣೆಯ ಎಲ್ಲ ವಯಸ್ಕರೂ ಅದನ್ನು ಕೊಳ್ಳಬೇಕೆಂಬುದು ಹಲವು ಕಂಪನಿಗಳ ನಿಯಮ. ಗಂಡ ಕುಡಿದು ಹೆಂಡತಿ ಕುಡಿಯದಿದ್ದರೂ ಇಬ್ಬರದ್ದೂ ತೆರಬೇಕು. ನೀರು, ನಿಂಬೆ ಷರಬತ್ತು, ಚಹಾ, ಸಾದಾ ಕಾಫಿ ಹೇಗೂ ಟಿಕೆಟ್ಟಿನಲ್ಲೇ ಬರುತ್ತದೆ. ಮೊದಲ ದಿನ ಒಂದೊಂದು ಬಾಟಲಿ ವೈನ್ ಜೊತೆಗೆ ತರಲು ಕೆಲವು ಕಂಪನಿಗಳು ಬಿಡುತ್ತವೆ. ಊಟದ ದೊಡ್ಡ ಹಜಾರದ ಅಡುಗೆಯೇ ಚೆನ್ನಾಗಿರುವಾಗ ಹೆಚ್ಚುವರಿ ಹಣದ ಹೋಟೆಲಿಗೆ ಏಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಅಮೆರಿಕದ ಕನ್ನಡಿಗರು ಊರಿಂದ ಬಂದ ಅಪ್ಪ ಅಮ್ಮನನ್ನು ಬಹಾಮಾಸ್ ಹಡಗಿಗೆ ಕರೆದೊಯ್ಯುವಾಗ ಮೊದಲ ಸಂಜೆಯೇ ಹೆಡ್ ವೇಟರ್ ಬಳಿ ಒಂದು ಮಾತು ಹಾಕುತ್ತಾರೆ. ಮರುದಿನದಿಂದ ದಾಲ್, ಪಲ್ಯ, ಚಪಾತಿ ಮೇಜಿಗೆ ಬರುತ್ತದೆ. ಅದಕ್ಕೂ ಬೇರೆ ಹಣವಿಲ್ಲ.

ಆ ಅಡುಗೆ ಮಾಡಿ ಬಡಿಸುವವರು ಹಲವು ಸಲ ನಮ್ಮವರೇ. ಫಿಲಿಪ್ಪೀನ್ಸ್, ಇಂಡೊನೇಷ್ಯಗಳ ಜೊತೆಗೆ ಭಾರತವೂ ಈ ಹಡಗುಗಳಿಗೆ ದೊಡ್ಡ ಸಂಖ್ಯೆಯಲ್ಲಿ ಕೆಲಸಗಾರರನ್ನು ಕಳಿಸುತ್ತದೆ. ಮುಂಬೈ, ಗೋವಾ, ಕೇರಳದವರ ನಡುವೆ ಮಂಗಳೂರು, ಉಡುಪಿ ಕಡೆಯ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರೂ ಇರುತ್ತಾರೆ. ಸುರಕ್ಷತಾ ತರಬೇತಿ ಮುಗಿಸಿ, ಸಿಡಿಸಿ ಎಂಬ ನಾವಿಕರ ದಾಖಲೆ ಪುಸ್ತಕ ಮಾಡಿಸಿಕೊಂಡು, ಆರರಿಂದ ಒಂಬತ್ತು ತಿಂಗಳ ಒಪ್ಪಂದಕ್ಕೆ ಸಹಿ ಹಾಕಿ ಹೊರಡುತ್ತಾರೆ. ದಿನಕ್ಕೆ ಹತ್ತು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕೆಲಸ. ವಾರಕ್ಕೆ ಏಳು ದಿನ. ನೀರಿನ ಮಟ್ಟದ ಆಸುಪಾಸಿನ ಮಾಳಿಗೆಯಲ್ಲಿ ಇಬ್ಬರು ಹಂಚಿಕೊಳ್ಳುವ ಕೋಣೆ. ಅವರೂ ಕೂಡಿಡುತ್ತಿದ್ದಾರೆ. ತಂಗಿಯ ಮದುವೆಗೆ, ಮನೆಯ ಮೇಲಿನ ಮಾಳಿಗೆಗೆ, ಅಪ್ಪನ ಸಾಲಕ್ಕೆ. ಬಡಿಸುವವನೂ ಉಣ್ಣುವವರೂ ಡಾಲರ್ ಡಾಲರ್ ಲೆಕ್ಕ ಹಾಕಿ ಆ ಮೇಜಿಗೆ ಬಂದವರೇ.

ಅಗ್ಗದ ಟಿಕೆಟ್ಟಿನ ಹಿಂದಿನ ಒಂದು ಕಾರಣ ಇಲ್ಲಿದೆ, ಅದನ್ನು ಮರೆಮಾಚಬಾರದು. ಮಯಾಮಿಯಿಂದ ಹೊರಡುವ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮ, ಬರ್ಮುಡಗಳಲ್ಲಿ ನೋಂದಣಿಯಾದವು. ಅಮೆರಿಕದ ಕನಿಷ್ಠ ವೇತನ ಈ ಹಡಗುಗಳ ನೌಕರರಿಗೆ ಅನ್ವಯಿಸುವುದಿಲ್ಲ. 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ವಿಶ್ರಾಂತಿಯ ಗಂಟೆ, ಊಟ, ವೈದ್ಯಕೀಯ ಆರೈಕೆಗಳಿಗೆ ಒಂದು ಚೌಕಟ್ಟು ಕೊಟ್ಟಿದೆ. ಆದರೂ ಬಡಿಸುವವರ, ಕೋಣೆ ಗುಡಿಸುವವರ ಗಳಿಕೆಯ ದೊಡ್ಡ ಆಸರೆ ಟಿಪ್ಸ್. ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ಎಂದು ಕಂಪನಿಯೇ ಖಾತೆಗೆ ಹಾಕುತ್ತದೆ. ನಾಲ್ವರ ಕುಟುಂಬಕ್ಕೆ ವಾರಕ್ಕೆ 448ರಿಂದ 560 ಡಾಲರ್, ಸಣ್ಣ ಮೊತ್ತವೇನಲ್ಲ. ಹಾಗಾಗಿ ಕೊನೆಯ ದಿನ ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕುವವರೂ ಇದ್ದಾರೆ. ಅದನ್ನು ಉಳಿತಾಯ ಎಂದು ಕರೆಯಲಾಗದು. ತಮ್ಮ ರಜೆಯ ಖರ್ಚನ್ನು ತಮಗಿಂತ ಬಡವನ ಜೇಬಿನಿಂದ ತೆಗೆಯುವ ಕೆಲಸ ಅದು. ಮರ್ಯಾದಸ್ಥ ಪ್ರಯಾಣಿಕರು ಟಿಪ್ಸನ್ನು ಟಿಕೆಟ್ ಜೊತೆಯಲ್ಲೇ ಮುಂಚಿತವಾಗಿ ಕಟ್ಟಿಬಿಡುತ್ತಾರೆ. ದರ ಏರುವ ಮೊದಲೇ ಕಟ್ಟಿದರೆ ಹಳೆಯ ದರದಲ್ಲೇ ಮುಗಿಯುವ ಅನುಕೂಲವೂ ಬಹಳ ಸಲ ಸಿಗುತ್ತದೆ.

ನಮ್ಮ ಕರಾವಳಿಗೂ ಈ ಹಡಗುಗಳು ಬರುತ್ತವೆ. ಮಳೆಗಾಲ ಕಳೆದ ಮೇಲೆ ನವಮಂಗಳೂರು ಬಂದರಿಗೆ ಬಂದು ನಿಲ್ಲುವ ವಿದೇಶಿ ಕ್ರೂಸ್‌ಗಳಿಂದ ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಬಿಳಿ ಟೋಪಿ ಹಾಕಿ ಬಸ್ಸಿನಿಂದ ಇಳಿಯುವ ಎಪ್ಪತ್ತರ ಆ ಮುದುಕ ಮುದುಕಿಯರಲ್ಲಿ ಎಲ್ಲರೂ ಕುಬೇರರಲ್ಲ. ಇಡೀ ಜೀವನ ಗುಮಾಸ್ತಿಕೆ ಮಾಡಿ, ಮನೆಯ ಸಾಲ ತೀರಿಸಿ, ಆಮೇಲೆ ಹೊರಟವರೂ ಅವರಲ್ಲಿರುತ್ತಾರೆ.

ಕೂಡಿಡುವ ಹುರುಪಿನಲ್ಲಿ ಕತ್ತರಿ ಹಾಕಲೇಬಾರದ ಕೆಲವು ಬಾಬ್ತುಗಳಿವೆ. ಮೊದಲನೆಯದು ವಿಮೆ. ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೆಲವು ವಿನಾಯಿತಿ ಬಿಟ್ಟರೆ ದೇಶದ ಹೊರಗೆ ನಡೆಯುವುದಿಲ್ಲ. ನಡುಸಮುದ್ರದಲ್ಲಿ ಎದೆನೋವು ಬಂದು ಹೆಲಿಕಾಪ್ಟರಿನಲ್ಲೋ ವಿಮಾನದಲ್ಲೋ ಸಾಗಿಸಬೇಕಾದರೆ ಇಡೀ ಬದುಕಿನ ಉಳಿತಾಯ ಕರಗಬಹುದು. ಹಡಗಿನವರ ವಿಮೆಯನ್ನೇ ಕೊಳ್ಳಬೇಕೆಂದಿಲ್ಲ, ಹೊರಗಿನ ನಾಲ್ಕು ಕಡೆ ವಿಚಾರಿಸಿ ಕೊಳ್ಳುವುದು ಜಾಣತನ, ಕೊಳ್ಳದಿರುವುದು ಅಪಾಯ. ಇನ್ನೊಂದು ಪಾಸ್‌ಪೋರ್ಟ್. ಅಮೆರಿಕದ ಪ್ರಜೆಗಳು ಹೊರಟ ಬಂದರಿಗೇ ಮರಳುವ ಹಡಗಾದರೆ ಜನನ ಪ್ರಮಾಣಪತ್ರ ಮತ್ತು ಗುರುತಿನ ಚೀಟಿಯಲ್ಲೇ ಹೋಗಬಹುದು. 165 ಡಾಲರ್ ಉಳಿಯಿತೆಂದು ಅನೇಕರು ಪಾಸ್‌ಪೋರ್ಟ್ ಮಾಡಿಸುವುದೇ ಇಲ್ಲ. ಆದರೆ ಮೆಕ್ಸಿಕೊದ ಕೊಸುಮೆಲ್‌ನಲ್ಲಿ ಕಾಲು ಮುರಿದು ಆಸ್ಪತ್ರೆ ಸೇರಿದರೆ, ಅಥವಾ ಹಡಗು ತಪ್ಪಿದರೆ, ವಿಮಾನ ಹತ್ತಿ ಮನೆಗೆ ಮರಳಲು ಅದು ಬೇಕೇ ಬೇಕು. ದೂರದಿಂದ ಬರುವವರು ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ತಲುಪುವುದೂ ಹೀಗೆಯೇ. ಒಂದು ರಾತ್ರಿಯ ಹೋಟೆಲಿನ ಖರ್ಚು ಉಳಿಸಲು ಹೋಗಿ, ವಿಮಾನ ತಡವಾಗಿ, ಕಟ್ಟೆಯ ಮೇಲೆ ನಿಂತು ಹಡಗಿನ ಬೆನ್ನು ನೋಡಿದವರಿಗೆ ಹಣ ವಾಪಸ್ ಸಿಗುವುದಿಲ್ಲ.

ದಡದ ಪ್ರವಾಸದಲ್ಲಿ ಮಾತ್ರ ಕೈ ಬಿಗಿಹಿಡಿಯಬಹುದು. ಹಡಗಿನವರು ಮಾರುವ ಪ್ರವಾಸದ ಬದಲು ಬಂದರಿನ ಹೊರಗೆ ಟ್ಯಾಕ್ಸಿ ಹಿಡಿದು ಸಮುದ್ರತೀರಕ್ಕೆ ಹೋದರೆ ಖರ್ಚು ಎಷ್ಟೋ ಕಡಿಮೆ. ಒಂದೇ ವ್ಯತ್ಯಾಸ: ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತಕ್ಕೆ ಹೋದವರಿಗೆ ಕಾಯುವುದಿಲ್ಲ. ಹಾಗಾಗಿ ಹತ್ತಿರದ ಊರಿಗೆ ಸ್ವಂತ, ದೂರದ ಪಾಳು ಪಟ್ಟಣಗಳಿಗೆ ಹಡಗಿನವರದು ಎಂದು ಅನುಭವಿಗಳು ವಿಂಗಡಿಸಿಕೊಂಡಿದ್ದಾರೆ. ಕೈಗಡಿಯಾರವನ್ನು ಸ್ಥಳೀಯ ಸಮಯಕ್ಕಲ್ಲ, ಹಡಗಿನ ಸಮಯಕ್ಕೆ ಇಟ್ಟುಕೊಳ್ಳುತ್ತಾರೆ.

ಯಾನದ ಕೊನೆಯ ಎರಡು ದಿನಗಳಲ್ಲಿ ಹಡಗಿನ ಒಂದು ಮೇಜಿನ ಮುಂದೆ ಜನ ಸೇರುತ್ತಾರೆ. ಮುಂದಿನ ಯಾನಕ್ಕೆ ಮುಂಗಡ ಪಡೆಯುವ ಜಾಗ ಅದು. ಹಡಗಿನಲ್ಲೇ ಕಾದಿರಿಸಿದರೆ ಮುಂಗಡ ಕಡಿಮೆ, ಮೇಲೆ ಖರ್ಚಿಗೆ ಒಂದಿಷ್ಟು ಡಾಲರ್ ಕೊಡುಗೆಯ ರೂಪದಲ್ಲಿ ಸಿಗುತ್ತದೆ. ಪಳಗಿದವರು ಅಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಮನಸ್ಸು ಬದಲಾದರೆ ಮುಂಗಡ ಪೂರ್ತಿ ವಾಪಸ್ ಬರುತ್ತದೆಯೇ? ದಿನಾಂಕ ಬದಲಿಸಲು ಶುಲ್ಕ ಇದೆಯೇ? ದರ ಇಳಿದರೆ ನಮಗೂ ಇಳಿಯುತ್ತದೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಮುಂದಿನ ಅಕ್ಟೋಬರಿನ ಒಂದು ಭಾನುವಾರಕ್ಕೆ ಒಳಕೋಣೆ ಬರೆಸುತ್ತಾರೆ, ಮನೆಗೆ ಹೋದ ವಾರದಿಂದಲೇ ನಲವತ್ತು ಡಾಲರ್ ಮತ್ತೆ ಖಾತೆಗೆ ಹೋಗತೊಡಗುತ್ತದೆ.